ಜೊಂಡಿನ ಕೆರೆಗೆ ಎಂಥ ಎರೆ: ಹೊಯ್ಸಳ ನಾಡಿನಲ್ಲಿ ಗಾಳದ ಚರಿತ್ರೆ

ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಅದಾಗಿ ಹದಿನೈದು ವರ್ಷ ತುಂಬುವ ಮೊದಲೇ, ಹೊಯ್ಸಳ ದೊರೆ ವಿಷ್ಣುವರ್ಧನನು ಹೆಸರಿಗಾದರೂ ಅಧೀನನಾಗಿದ್ದ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ‘ಮಾನಸೋಲ್ಲಾಸ’ ಸಿದ್ಧವಾಯಿತು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇರುವ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿ, ನೂರು ಅಧ್ಯಾಯ. ಆನೆ ಪಳಗಿಸುವುದರಿಂದ ಅಡುಗೆಯವರೆಗೆ ಎಲ್ಲವನ್ನೂ ಹೇಳುವ ಈ ಗ್ರಂಥದ ಒಂದು ಅಧ್ಯಾಯ ‘ಮತ್ಸ್ಯವಿನೋದ’. ವಿಷಯ ಗಾಳ ಹಾಕುವುದು. ಇಂಗ್ಲೆಂಡಿನಲ್ಲಿ ಗಾಳದ ಕುರಿತ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಬರಹ ಅದಕ್ಕಿಂತ ಮೂರೂವರೆ ಶತಮಾನಕ್ಕೂ ಹಿಂದಿನದು. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆಯುವವರೆಗೆ ಮೀನಿನವರಿಗೆ ಸಂಸ್ಕೃತ ಗೊತ್ತಿರಲಿಲ್ಲ, ಸಂಸ್ಕೃತದವರಿಗೆ ಮೀನು ಬೇಕಿರಲಿಲ್ಲ.

ಅಧ್ಯಾಯದ ಕ್ರಮವೇ ಗಮನಿಸತಕ್ಕದ್ದು. ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು, ಸಿಹಿನೀರಿನವು, ಹುರುಪೆ ಉಳ್ಳವು, ಇಲ್ಲದವು ಎಂದು ವಿಂಗಡಿಸಿ, ಯಾವುದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂದು ಹೇಳಲಾಗಿದೆ. ಮೀನಿಗೆ ತಕ್ಕ ಉಣಿಸನ್ನು ನೀರಿಗೆ ಹಾಕಿ ಅದನ್ನು ಅಲ್ಲಿಗೆ ರೂಢಿ ಮಾಡಿಸುವುದು, ದಾರ, ಕೊಕ್ಕೆ ಇವೆಲ್ಲ ಬರುವುದು ಇದರ ಜೊತೆಗೆ. ಎರೆಯ ಆಯ್ಕೆ ಇಲ್ಲಿ ಕೊಕ್ಕೆಯಿಂದ ಶುರುವಾಗುವುದಿಲ್ಲ, ನೀರಿನಿಂದ ಶುರುವಾಗುತ್ತದೆ. ಆದರೆ ಇದು ಅರಸನ ವಿನೋದ ಎಂಬುದನ್ನು ಮರೆಯುವಂತಿಲ್ಲ. ಉಣಿಸು ಹಾಕಿ ಮೀನನ್ನು ಪಳಗಿಸುವವರು ಸೇವಕರು. ಎಲ್ಲ ಅಣಿಯಾದ ಮೇಲೆ ದೊರೆ ಬಂದು ಕೋಲು ಹಿಡಿಯುತ್ತಾನೆ. ಅರಸೀಕೆರೆಯ ಸೀಮೆಯಲ್ಲಿ ಸಂಜೆಯ ಸಾರಿಗೆಂದು ಗಾಳ ಬಿಡುತ್ತಿದ್ದವನ ಕಥೆ ಇದಲ್ಲ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಸಾಲುಗಟ್ಟಿರುವ ಮಕರಗಳನ್ನು ತೋರಿಸಿ ಹೊಯ್ಸಳರ ಮತ್ಸ್ಯಜ್ಞಾನವನ್ನು ಹೊಗಳುವವರಿದ್ದಾರೆ. ಮಕರ ಯಾವ ಕೆರೆಯಲ್ಲೂ ಈಜಿದ ಪ್ರಾಣಿಯಲ್ಲ. ಅದನ್ನು ಸಾಕ್ಷಿಗೆ ಕರೆಯದಿರುವುದೇ ಲೇಸು.

ಗಟ್ಟಿ ಸಾಕ್ಷಿ ಇರುವುದು ಕೆರೆಗಳಲ್ಲೇ. ದೋರಸಮುದ್ರ ಎಂಬ ರಾಜಧಾನಿಗೆ ಹೆಸರು ಕೊಟ್ಟದ್ದು ಕೆರೆ, ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ, ಬೇಲೂರಿನ ವಿಷ್ಣುಸಮುದ್ರವನ್ನು ಊರವರು ಬಿಷ್ಟಮ್ಮನ ಕೆರೆ ಎನ್ನುತ್ತಾರೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ, ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಹೊಯ್ಸಳರ ಕಾಲದ ಶಾಸನಗಳಲ್ಲಿ, ಕೆರೆಗಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳಂಥ ದತ್ತಿಗಳ ಮೂಲಕ ಕೆರೆ ಕಾಣಿಸಿಕೊಳ್ಳುತ್ತದೆ. ಶಾಸನ ಬರೆಸಿದವರ ಕಣ್ಣು ಗದ್ದೆಯ ಮೇಲೆ, ತೂಬಿನ ಮೇಲೆ. ಮೀನು ಅವರ ಲೆಕ್ಕದ ಮುಂದಿನ ಸಾಲಿನಲ್ಲಿಲ್ಲ.

ಆದರೂ ಮೀನಿನ ಮನೆ ಕಟ್ಟಿದವರು ಅವರೇ. ಹೊಯ್ಸಳ ನಾಡಿನ ಕೆರೆಯೆಂದರೆ ಹರಿವ ಹಳ್ಳಕ್ಕೆ ಅಡ್ಡಲಾಗಿ ಒಂದು ಮಣ್ಣಿನ ಏರಿ. ಏರಿಯ ಬುಡದಲ್ಲಿ, ತೂಬಿನ ಬಳಿ ಆಳ. ಅಲ್ಲಿಂದ ಹಿಂದಕ್ಕೆ ಸರಿದಂತೆ ನೀರು ತೆಳುವಾಗುತ್ತ ಹೋಗಿ ಹೊಲದ ಬದುವಿನಲ್ಲಿ ಮುಗಿಯುತ್ತದೆ. ಪ್ರತಿ ಮಳೆಗೆ ಗೋಡು ಬಂದು ಕೂರುತ್ತದೆ, ದನಕರು ಇಳಿಯುತ್ತವೆ, ತಳದವರೆಗೂ ಬಿಸಿಲು ಮುಟ್ಟುತ್ತದೆ. ಗಿಡ ಬೆಳೆಯಲು ಇನ್ನೇನು ಬೇಕು? ಅಂಚಿನಲ್ಲಿ ಜೊಂಡು, ಆಪು. ನಡುವೆ ತಾವರೆ, ನೈದಿಲೆ. ನೀರಿನೊಳಗೆ ಬಳ್ಳಿಬಳ್ಳಿಯಾದ ಪಾಚಿ. ಮೇಲೆ ತೇಲುವ ಅಂತರಗಂಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಅಮೆರಿಕದ ನೇರಳೆ ಹೂವಿನ ಜಲಕಳೆ ಭಾರತಕ್ಕೆ ಬಂದು, ಮುಂದೆ ಊರ ಚರಂಡಿಯ ನೀರು ಕುಡಿದ ಕೆರೆಗಳಲ್ಲೆಲ್ಲ ಹಾಸಿಕೊಂಡಿತು. ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿನ ಕೆರೆಯಲ್ಲಿ ನೀರು ನಿಲ್ಲುವಷ್ಟು ಕಾಲ ಬಯಲುಸೀಮೆಯ ಅರಸೀಕೆರೆಯಲ್ಲಿ ನಿಲ್ಲುವುದಿಲ್ಲ. ಅಲ್ಲಿನ ಎಷ್ಟೋ ಕೆರೆಗಳು ಬೇಸಿಗೆಗೆ ಬಿರುಕುಬಿಟ್ಟ ನೆಲವಾಗುತ್ತವೆ.

ಇಂಥ ನೀರಿಗೆ ಹೇಳಿ ಮಾಡಿಸಿದ ಬೇಟೆಗಾರ ಮೀನು ಮುರಲು. ಕೊರವ, ಕೊರಮೀನು ಎಂದೂ ಕರೆಯುತ್ತಾರೆ. ಹಾವಿನ ತಲೆ, ಕೊರಡಿನಂಥ ಮೈ, ಅಗಲ ಬಾಯಿ. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇರುವುದರಿಂದ ಆಗಾಗ ಮೇಲೆ ಬಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ನೀರು ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಅಟ್ಟಿಸಿಕೊಂಡು ಹೋಗುವುದು ಇದರ ಜಾಯಮಾನವಲ್ಲ. ಜೊಂಡಿನ ಬುಡದಲ್ಲಿ ಅಲುಗದೆ ನಿಂತು, ಕಪ್ಪೆಯೋ ಮರಿಮೀನೋ ಹತ್ತಿರ ಬಂದಾಗ ಒಮ್ಮೆಗೇ ಎರಗುತ್ತದೆ. ಫ್ರಾನ್ಸಿಸ್ ಡೇ 1870ರ ದಶಕದಲ್ಲಿ ಪ್ರಕಟಿಸಿದ ‘ದಿ ಫಿಶಸ್ ಆಫ್ ಇಂಡಿಯಾ’ದಲ್ಲಿ ಇವುಗಳ ಕನ್ನಡ ಹೆಸರುಗಳನ್ನೂ ದಾಖಲಿಸಿದ್ದಾನೆ: ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆಯಿರುವುದು ಹೂವಿನ ಮುರಲು, ಪಟ್ಟೆಯದು ಕುಚ್ಚಿನ ಮುರಲು. ಹೂವಿನ ಮುರಲು ಒಂದು ಮೀಟರು ಮೀರಿಯೂ ಬೆಳೆಯುತ್ತದೆ. ಅಮೆರಿಕದ ಗಾಳಗಾರರು ಬಾಸ್ ಎಂಬ ಮೀನಿನ ಬಗ್ಗೆ ಬರೆದಿರುವ ಪುಸ್ತಕರಾಶಿಯನ್ನು ಇಲ್ಲಿ ಓದುವವರು ಬಾಸ್ ಇದ್ದಲ್ಲೆಲ್ಲ ಮುರಲು ಎಂದು ಓದಿಕೊಂಡರೆ ಅರ್ಧ ಸರಿಹೋಗುತ್ತದೆ. ಉಳಿದರ್ಧದ ತಕರಾರನ್ನು ಮುಂದೆ ಹೇಳುತ್ತೇನೆ.

ಕೆರೆಯ ಗಾಳವನ್ನೇ ವಿಷಯವಾಗಿಸಿಕೊಂಡ ಮೊದಲ ಇಂಗ್ಲಿಷ್ ಲೇಖಕರಲ್ಲಿ ಮುಖ್ಯನಾದವನು ಹೆನ್ರಿ ಸಲಿವನ್ ಥಾಮಸ್. ಮದರಾಸು ಸಿವಿಲ್ ಸೇವೆಯವನು, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ಆ ಪುಸ್ತಕದ ನಾಯಕ ಹೊಳೆಯ ಮಹಸೀರ್. ಆದರೆ 1887ರಲ್ಲಿ ಅದೇ ಥಾಮಸ್ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಬೇರೆಯೇ ಪುಸ್ತಕ ಬರೆಯಬೇಕಾಯಿತು. ಹೊಳೆಯ ಪಾಠ ಕೆರೆಗೆ ಹೊಂದುವುದಿಲ್ಲವೆಂಬ ಒಪ್ಪಿಗೆಯನ್ನು ಆ ಎರಡನೆಯ ಪುಸ್ತಕದಲ್ಲಿ ನಾನು ಕಾಣುತ್ತೇನೆ. 

ಸಾಹೇಬರ ಪುಸ್ತಕಕ್ಕೆ ಕಾಯದೆ ಹಳ್ಳಿಯವರು ಹಿಡಿಯುತ್ತಲೇ ಇದ್ದರು. ಬಲೆ, ಕೂಳಿ, ಗಾಳ ಮೂರೂ ಉಂಟು. ಕೆಂಡೆ, ಪಕ್ಕೆಯಂಥ ಸಣ್ಣ ಮೀನಿಗೆ ಎರೆಹುಳು, ಮೇಲೆ ತೇಲಲು ಬೆಂಡು. ಮುರಲಿಗಾದರೆ ಕಪ್ಪೆ. ಜೀವಂತ ಕಪ್ಪೆಮರಿಯನ್ನು ಕೊಕ್ಕೆಗೆ ಸಿಕ್ಕಿಸಿ, ಉದ್ದನೆಯ ಬಿದಿರು ಕೋಲಿನಿಂದ ತಾವರೆ ಎಲೆಗಳ ಸಂದಿನಲ್ಲಿ ಇಳಿಬಿಟ್ಟು ಕುಣಿಸುವುದು. ಇಲ್ಲವೆ ದಡದ ಗೂಟಕ್ಕೆ ದಾರ ಕಟ್ಟಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡುವುದು. ಇದನ್ನು ಹಿಂದುಳಿದ ವಿಧಾನವೆನ್ನುವವರು ಒಂದು ಅಂಶ ಗಮನಿಸುವುದಿಲ್ಲ. ಉದ್ದ ಕೋಲಿನಿಂದ ಎರೆಯನ್ನು ಮೇಲಿನಿಂದ ನೇರ ಇಳಿಸಿ ನೇರ ಎತ್ತುವವನಿಗೆ ಜೊಂಡು ಅಡ್ಡ ಬರುವುದೇ ಇಲ್ಲ. ಅಡ್ಡ ಬರುವುದು ದೂರ ಎಸೆದು ಎಳೆಯುವವನಿಗೆ. ಬೇಲೂರಿನ ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ ಗಾಳದ ಹುಚ್ಚಿಗೂ ಹೆಸರಾದವರು. ಈ ವಿದ್ಯೆಗೆ ಕನ್ನಡದ ಬರಹದಲ್ಲಿ ಮರ್ಯಾದೆ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ದೂರ ಎಸೆದು ಎಳೆಯುವ ಹುಸಿ ಎರೆಗಳ ವಂಶಾವಳಿ ಬೇರೆ ಕಡೆಯದು. ಅಮೆರಿಕದ ಮಿಶಿಗನ್ ರಾಜ್ಯದ ಡೊವಾಜಿಯಾಕ್ ಎಂಬ ಊರಿನಲ್ಲಿ ಜೇಮ್ಸ್ ಹೆಡನ್ 1890ರ ದಶಕದ ಕೊನೆಯಲ್ಲಿ ಮರದ ಕಪ್ಪೆಗಳನ್ನು ಕೆತ್ತಿದ. ಅವನ ಮೊದಲ ಕೀರ್ತಿ ಜೇನುಸಾಕಣೆಯದು ಎಂಬುದು ತಮಾಷೆಯ ಸಂಗತಿ. ಫಿನ್ಲೆಂಡಿನ ಲೌರಿ ರಾಪಾಲ 1936ರಲ್ಲಿ ಬೆಂಡಿನ ಮರಿಮೀನು ಮಾಡಿದ. ಗಾಯಗೊಂಡ ಮೀನಿನ ಹಾಗೆ ಹೊಯ್ದಾಡುವುದು ಅದರ ಗುಟ್ಟು. 1960ರ ದಶಕದ ಕೊನೆಯಲ್ಲಿ ಟೆನೆಸಿಯ ಫ್ರೆಡ್ ಯಂಗ್ ಕೆತ್ತಿದ ‘ಬಿಗ್ ಓ’ ದುಂಡು ಹೊಟ್ಟೆಯದು, ಮೂತಿಯಲ್ಲಿ ಚೌಕನೆಯ ತುಟಿ. ಇಂದು ಕ್ರ್ಯಾಂಕ್‌ಬೈಟ್ ಎಂದೊಡನೆ ನೆನಪಾಗುವ ಆಕಾರ ಅದೇ. ರೀಲನ್ನು ಸುತ್ತುತ್ತಿದ್ದಂತೆ ತುಟಿಯನ್ನು ನೀರು ಒತ್ತಿ ಎರೆ ಕೆಳಕ್ಕೆ ಧುಮುಕುತ್ತದೆ, ಮೈ ಅಲ್ಲಾಡಿಸುತ್ತದೆ. ಸುತ್ತುವುದನ್ನು ನಿಲ್ಲಿಸಿದರೆ ತೇಲಿ ಮೇಲೆ ಬರುತ್ತದೆ. ಗಿಡ್ಡ ತುಟಿಯದು ಮೇಲ್ಮಟ್ಟದಲ್ಲೇ ಓಡುತ್ತದೆ, ಉದ್ದ ತುಟಿಯದು ಆಳಕ್ಕಿಳಿಯುತ್ತದೆ.

ಟೆನೆಸಿ ಎಂಬ ಹೆಸರನ್ನು ಇಲ್ಲಿ ಒತ್ತಿ ಹೇಳಬೇಕು. 1933ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರ ಅಲ್ಲಿನ ಹೊಳೆಗಳಿಗೆ ಸಾಲಾಗಿ ಅಣೆಕಟ್ಟು ಕಟ್ಟಿತು. ಮುಳುಗಿದ ಕಾಡು, ಬಂಡೆ, ಕಡಿದಾದ ದಡ ಇರುವ ಆ ಜಲಾಶಯಗಳೇ ಚೌಕ ತುಟಿಯ ಎರೆಯ ತವರು. ತುಟಿ ಮರದ ಬೊಡ್ಡೆಗೆ ಬಡಿದು ಎರೆ ಪಕ್ಕಕ್ಕೆ ಸಿಡಿಯುತ್ತದೆ. ಆ ಸಿಡಿತಕ್ಕೇ ಬಾಸ್ ಕಚ್ಚುತ್ತದೆ. ಬೊಡ್ಡೆ ಗಟ್ಟಿ ವಸ್ತು, ಬಡಿದರೆ ತಿರುಗಿ ತಳ್ಳುತ್ತದೆ. ನಮ್ಮ ಕೆರೆಯ ಪಾಚಿಬಳ್ಳಿ ತಳ್ಳುವುದಿಲ್ಲ, ಸುತ್ತಿಕೊಳ್ಳುತ್ತದೆ. ಹೊಟ್ಟೆಗೊಂದು ಬಾಲಕ್ಕೊಂದು ನೇತಾಡುವ ಮೂರುಮೊನೆಯ ಕೊಕ್ಕೆಗಳು ಆ ಕೆಲಸಕ್ಕೆ ಇನ್ನಷ್ಟು ನೆರವಾಗುತ್ತವೆ. ಮೇಲೆ ಹೇಳಿದ ಉಳಿದರ್ಧದ ತಕರಾರು ಇದು: ಮೀನಿನ ಸ್ವಭಾವ ಹೋಲುತ್ತದೆ, ನೀರು ಹೋಲುವುದಿಲ್ಲ. ಕ್ರ್ಯಾಂಕ್‌ಬೈಟ್ ಜಲಾಶಯದ ಮಗು, ಕೆರೆಯದಲ್ಲ.

ಹಾಗಾದರೆ ಈ ಸೀಮೆಯಲ್ಲಿ ಅದಕ್ಕೆ ಜಾಗವೇ ಇಲ್ಲವೆ? ಇದೆ. 1979ರ ಹೊತ್ತಿಗೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. ಆಮೇಲೆ ಬೇಲೂರಿನ ಪಕ್ಕದಲ್ಲೇ ಯಗಚಿ ಜಲಾಶಯ. ಒಂದೇ ಜಿಲ್ಲೆಯಲ್ಲಿ ಒಂಬೈನೂರು ವರ್ಷ ಹಳೆಯ ಕೆರೆಯೂ ನಿನ್ನೆ ಮೊನ್ನೆಯ ಜಲಾಶಯವೂ ಇರುವುದರಿಂದ ಹೋಲಿಕೆಗೆ ದೂರ ಹೋಗಬೇಕಿಲ್ಲ. ಜಲಾಶಯದ ಕಲ್ಲಿನ ದಡದಲ್ಲಿ, ಮುಳುಗಿದ ಮರಗಳ ಸುತ್ತ ಚೌಕ ತುಟಿಯದು ತನ್ನ ತವರಿನಂತೆಯೇ ಕೆಲಸ ಮಾಡಬಲ್ಲದು. ಕೆರೆಯಲ್ಲಿ ನೋಡಬೇಕಾದ್ದು ಒಂದೇ ಅಳತೆ: ನೀರೊಳಗಿನ ಗಿಡದ ತುದಿಗೂ ನೀರಿನ ಮೇಲ್ಮೈಗೂ ನಡುವೆ ಎಷ್ಟು ಬಿಡುವಿದೆ. ಮುಂಗಾರು ಮುಗಿದು ಕೆರೆ ತುಂಬಿದ ಹೊಸದರಲ್ಲಿ ಗಿಡಗಳು ಮೊಣಕಾಲುದ್ದ ನೀರಿನಡಿ ಇರುತ್ತವೆ. ಆಗ ಅತಿ ಗಿಡ್ಡ ತುಟಿಯ, ಚೆನ್ನಾಗಿ ತೇಲುವ ಎರೆಯನ್ನು ಗಿಡದ ತಲೆ ಸವರುವಂತೆ ನಿಧಾನ ಎಳೆಯಬಹುದು; ಬಳ್ಳಿ ತಾಗಿದ್ದು ಕೈಗೆ ತಿಳಿದೊಡನೆ ಎಳೆಯುವುದನ್ನು ನಿಲ್ಲಿಸಿದರೆ ಎರೆ ತಾನೇ ತೇಲಿ ಬಿಡಿಸಿಕೊಳ್ಳುತ್ತದೆ. ತುಟಿಯಿಲ್ಲದ, ಹೊಟ್ಟೆಯೊಳಗೆ ಗುಂಡು ಗಲಗಲ ಎನ್ನುವ ಜಾತಿ ಮುಳುಗುವಂಥದ್ದು. ಅದನ್ನು ಏರಿಯ ಕಲ್ಲುಕಟ್ಟಣೆಯ ಉದ್ದಕ್ಕೂ, ತೂಬಿನ ಆಳದಲ್ಲಿ ಬಳಸಬೇಕೇ ಹೊರತು ಹಿಂದಿನ ತೆಳುನೀರಿನಲ್ಲಲ್ಲ. ಗೋಡು ಕದಡಿದ ನೀರಿಗೆ ಸದ್ದು ಮಾಡುವ, ಎದ್ದು ಕಾಣುವ ಬಣ್ಣದ್ದು. ತಿಳಿನೀರಿಗೆ ಮರಿಮೀನಿನ ಬಣ್ಣದ್ದು. ಬಣ್ಣದ ಬಗ್ಗೆ ಅಂಗಡಿಯವರು ಹೇಳುವುದರಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಂಬಬೇಕಾಗಿಲ್ಲ. ಮೂರುಮೊನೆಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿಕೊಂಡರೆ ಬಳ್ಳಿಯ ಕಾಟವೂ ಕಡಿಮೆ, ಮೀನು ಬಿಡುವುದಾದರೆ ಅದಕ್ಕೂ ಗಾಯ ಕಡಿಮೆ.

ತಾವರೆ ಎಲೆ ಮೇಲೆ ಬಂದು ಹಾಸಿಕೊಂಡಿತೋ, ಕ್ರ್ಯಾಂಕ್‌ಬೈಟ್ ಪೆಟ್ಟಿಗೆಗೆ ಸೇರಬೇಕು. ಆಗ ಪೆಟ್ಟಿಗೆಯಿಂದ ಹೊರಬರುವುದು ರಬ್ಬರ್ ಕಪ್ಪೆ: ಟೊಳ್ಳು ಮೈ, ಎರಡು ಕೊಕ್ಕೆಯ ಮೊನೆಗಳು ಬೆನ್ನಿಗೆ ಅಂಟಿಕೊಂಡಂತೆ ಮೇಲ್ಮುಖವಾಗಿ. ಎಲೆಯ ಮೇಲೆ ತೆವಳಿಸಿಕೊಂಡು ಬಂದು ಸಂದಿಯಲ್ಲಿ ನಿಲ್ಲಿಸಿದರೆ, ಮುರಲು ಕಚ್ಚಿದಾಗ ಮೈ ಅಪ್ಪಚ್ಚಿಯಾಗಿ ಮೊನೆ ಹೊರಬೀಳುತ್ತದೆ. ಬಿದಿರು ಕೋಲಿನವರ ಜೀವಂತ ಕಪ್ಪೆ ಮಾಡುತ್ತಿದ್ದ ಕೆಲಸವೂ ಇದೇ. ಈ ವ್ಯವಹಾರದಲ್ಲಿ ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. 2000ದಲ್ಲಿ ಫ್ಲಾರಿಡಾದ ಕಾಲುವೆಗಳಲ್ಲಿ ಮುರಲಿನ ಜಾತಿಯೊಂದು ಪತ್ತೆಯಾಯಿತು. ಮೊದಲು ಅದನ್ನು ನಮ್ಮ ಹೂವಿನ ಮುರಲೆಂದೇ ಎಣಿಸಿದ್ದರು. ಮುಂದೆ ಆಗ್ನೇಯ ಏಷ್ಯಾದ ಅದರ ಹತ್ತಿರದ ಬಂಧುವೆಂದು ಗುರುತಿಸಿದರು. 2002ರಲ್ಲಿ ಅಮೆರಿಕದ ಸರ್ಕಾರ ಇಡೀ ಕುಲವನ್ನೇ ಹಾನಿಕರ ಪಟ್ಟಿಗೆ ಸೇರಿಸಿತು. ಈಗ ಅಲ್ಲಿನ ಬಾಸ್ ಗಾಳಗಾರರು ಅದೇ ರಬ್ಬರ್ ಕಪ್ಪೆಯಿಂದ ಮುರಲು ಹಿಡಿಯುತ್ತಾರೆ.

ಇಲ್ಲಿ ಮುರಲಿನ ಕಷ್ಟ ಬೇರೆ. ಕೆರೆಯ ಮೀನಿನ ಹಕ್ಕನ್ನು ಹರಾಜು ಹಾಕುವ ಪದ್ಧತಿಗೆ ಪಾಶುವಾರು ಎನ್ನುತ್ತಾರೆ. ಪಾಶುವಾರು ಹಿಡಿದವನು ಬಿಡುವುದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ. ಆ ಮರಿಗಳನ್ನು ನುಂಗುವ ಮುರಲು ಅವನ ಪಾಲಿಗೆ ಕಳ್ಳ. ಮೀನು ಸಾಕಣೆಯ ಕೈಪಿಡಿಗಳೂ ಮರಿ ಬಿಡುವ ಮೊದಲು ಬೇಟೆಗಾರ ಮೀನನ್ನು ತೆಗೆಯಿರಿ ಎನ್ನುತ್ತವೆ. ಹಾಗಾಗಿ ಗಾಳದವನಿಗೆ ಪ್ರಿಯವಾದ ಮೀನು ಗುತ್ತಿಗೆದಾರನಿಗೆ ಬೇಡವಾದದ್ದು. ಇಬ್ಬರೂ ಮಾತಾಡಿಕೊಂಡರೆ ಅನುಮತಿ ಸಲೀಸಾಗಿ ಸಿಗುತ್ತದೆ. ಅನುಮತಿಯಿಲ್ಲದೆ ಪಾಶುವಾರಿನ ಕೆರೆಗೆ ಗಾಳ ಹಾಕುವುದು ಜಗಳಕ್ಕೆ ದಾರಿ. ಅನುಮತಿ ಇದ್ದರೂ ಒಂದು ಋತುವಿನಲ್ಲಿ ಮಾತ್ರ ಗಾಳ ಎತ್ತಿಡಬೇಕು. ಮಳೆಗಾಲದಲ್ಲಿ ಜೊಂಡಿನ ನಡುವೆ ಕೆಂಬಣ್ಣದ ಮರಿಗಳು ಗುಂಪುಗಟ್ಟಿ ಮೇಲ್ಮೈಯಲ್ಲಿ ಕುದಿಯುವಂತೆ ಕಾಣುತ್ತವೆ. ಅವುಗಳ ಅಡಿಯಲ್ಲಿ ತಂದೆತಾಯಿ ಮುರಲುಗಳು ಕಾವಲಿರುತ್ತವೆ. ಆ ಗುಂಪಿನ ಮೇಲೆ ಏನೇ ಎಸೆದರೂ, ಅದು ಕ್ರ್ಯಾಂಕ್‌ಬೈಟೇ ಇರಲಿ, ಮರದ ಚೂರೇ ಇರಲಿ, ಅವು ಹಸಿವಿಲ್ಲದಿದ್ದರೂ ಕಚ್ಚುತ್ತವೆ. ಕಾವಲು ಮೀನು ದಡ ಸೇರಿದ ಮೇಲೆ ಮರಿಗಳ ಗುಂಪು ಬೇರೆ ಮೀನುಗಳ ಬಾಯಿಗೆ ಬೀಳುತ್ತದೆ.