ಗಣಕಯಂತ್ರ ಏಳುವ ಹೊತ್ತು

ಹೊಸ ಸೊಸೆ ತಡವಾಗಿ ಎದ್ದರೆ ಓಣಿಯವರೆಲ್ಲ ಮಾತಾಡುತ್ತಾರೆ. ಹೊಸ ಕಂಪ್ಯೂಟರು ತಡವಾಗಿ ಎದ್ದರೂ ಹಾಗೆಯೇ. ಏಕೆ ತಡವಾಯಿತೆಂದು ಇಬ್ಬರನ್ನೂ ಯಾರೂ ಕೇಳುವುದಿಲ್ಲ.

ಕಂಪ್ಯೂಟರಿನ ವಿಷಯದಲ್ಲಾದರೂ ಕಾರಣಕ್ಕೆ ಒಂದು ಚರಿತ್ರೆಯಿದೆ. ಕರೆಂಟು ನಿಂತೊಡನೆ ಅದರ ಕೆಲಸದ ನೆನಪು, ಅಂದರೆ ರ‍್ಯಾಮ್, ಬರಿದಾಗುತ್ತದೆ. ಮರುದಿನ ಎದ್ದಾಗ ತಾನು ಯಾರೆಂಬುದೂ ಅದಕ್ಕೆ ಗೊತ್ತಿರುವುದಿಲ್ಲ. 1975ರ ಆಲ್ಟೇರ್ 8800 ಎಂಬ ಯಂತ್ರವನ್ನು ಎಬ್ಬಿಸಲು ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಏರಿಳಿಸಿ ಮೊದಲ ಆಜ್ಞೆಗಳನ್ನು ಕೈಯಿಂದ ತುಂಬಬೇಕಿತ್ತು. ‘ಬೂಟ್’ ಎಂಬ ಮಾತು ಬಂದದ್ದು, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ. ಆಗಸ್ಟ್ 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಮೊದಲ ಪಾಠವನ್ನು ಅಳಿಯದ ಚಿಪ್ಪಿನಲ್ಲಿ ಬರೆದಿಟ್ಟಿದ್ದರು. ಅದೇ ಬಯಾಸ್. ಅದು ನೆನಪಿನ ಕೋಣೆಗಳನ್ನೆಲ್ಲ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಒಮ್ಮೆ ಕೂಗುತ್ತಿತ್ತು.

ಕಾಯುವ ಸಮಯದ ಲೆಕ್ಕ ಹಾಕಿದವರೂ ಇದ್ದಾರೆ. 1983ರಲ್ಲಿ, ಮ್ಯಾಕಿಂಟಾಷ್ ಇನ್ನೂ ಮಾರುಕಟ್ಟೆಗೆ ಬರುವ ಮೊದಲು, ಆಪಲ್‌ನ ಸ್ಟೀವ್ ಜಾಬ್ಸ್ ಲ್ಯಾರಿ ಕೆನ್ಯನ್ ಎಂಬ ತಂತ್ರಜ್ಞರ ಬಳಿ ಹೋಗಿ, ಏಳುವ ಸಮಯದಲ್ಲಿ ಹತ್ತು ಸೆಕೆಂಡು ಇಳಿಸಿ ಎಂದರಂತೆ. ಐವತ್ತು ಲಕ್ಷ ಜನ ದಿನಕ್ಕೊಮ್ಮೆ ಹಚ್ಚಿದರೂ ದಿನಕ್ಕೆ ಐದು ಕೋಟಿ ಸೆಕೆಂಡು ಉಳಿಯುತ್ತದೆ, ಒಂದು ವರ್ಷಕ್ಕೆ ಅದು ಹತ್ತಾರು ಮನುಷ್ಯರ ಆಯುಸ್ಸು ಎಂಬುದು ಅವರ ವಾದ. ಕೆನ್ಯನ್ ಇಳಿಸಿಯೂ ತೋರಿಸಿದರು. ಲೆಕ್ಕ ಚೆನ್ನಾಗಿದೆ. ನಳದ ಮುಂದೆ ಕೊಡ ಇಟ್ಟು ನಿಂತ ಹೆಂಗಸರ ಸೆಕೆಂಡುಗಳನ್ನು ಹೀಗೆ ಗುಣಿಸಿದವರನ್ನು ಮಾತ್ರ ನಾನು ಕಾಣೆ.

ನಮ್ಮಲ್ಲಿ ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋಗಿತ್ತು. 1984ರ ನವೆಂಬರಿನ ಹೊಸ ಗಣಕ ನೀತಿ ಆಮದಿನ ಸುಂಕವನ್ನು ಇಳಿಸಿದ ಮೇಲೆ ಬಿಡಿಭಾಗಗಳನ್ನು ತಂದು ಜೋಡಿಸುವ ಕಸುಬು ಬೆಳೆಯಿತು. ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಅದಕ್ಕೆ ಹೆಸರಾಯಿತು. ಆ ಕಾಲದ ಯಂತ್ರ ತಡಮಾಡಿದರೆ ಕಾರಣ ಕಿವಿಗೇ ಕೇಳುತ್ತಿತ್ತು. ಫ್ಲಾಪಿ ಕಟಕಟ ಅನ್ನುವುದು, ಹಾರ್ಡ್ ಡಿಸ್ಕಿನ ತಟ್ಟೆ ಗುಯ್‌ಗುಟ್ಟಿ ವೇಗ ಹಿಡಿಯುವುದು. ಆ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದಾಗ ನಿಮಿಷಗಳು ಸೆಕೆಂಡುಗಳಾದವು. ಇನ್ನು ಕಾಯುವುದು ಮುಗಿಯಿತು ಎಂದುಕೊಂಡರು ಎಲ್ಲರೂ.

ಮುಗಿಯಲಿಲ್ಲ. 2020ರಲ್ಲಿ ಡಿಡಿಆರ್5 ಎಂಬ ಹೊಸ ಬಗೆಯ ನೆನಪಿನ ಪಟ್ಟಿಗೆ ನಿಯಮಗಳಾದವು. 2022ರ ಸೆಪ್ಟೆಂಬರಿನಲ್ಲಿ ಎಎಂಡಿಯ ಎಎಂ5 ಬೋರ್ಡುಗಳು ಅದನ್ನೇ ಕಡ್ಡಾಯ ಮಾಡಿದವು. ಇದರ ವೇಗ ಎಷ್ಟೆಂದರೆ, ಬೋರ್ಡಿನ ಒಂದೊಂದು ತಂತಿಯಲ್ಲೂ ಸಂಕೇತ ಯಾವ ಕ್ಷಣಕ್ಕೆ ತಲುಪುತ್ತದೆಂದು ಮೊದಲು ಹೊಂದಿಸಿಕೊಳ್ಳಲೇಬೇಕು. ಭಜನೆಗೆ ಮುಂಚೆ ತಂಬೂರಿಯ ಶ್ರುತಿ ಮಾಡಿದ ಹಾಗೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಮೊದಲ ಸಲ ಹಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು.

ಸಿರವಾರದ ನಮ್ಮ ಬಂಧುಗಳ ಮನೆಯಲ್ಲಿ ಆದದ್ದು ಇದೇ. ಎರಡು ಸುಗ್ಗಿಯ ಭತ್ತದ ದುಡ್ಡಿನಲ್ಲಿ ಕೂಡಿಟ್ಟದ್ದನ್ನು ತೆಗೆದು ಮಗ ಬಿಡಿಭಾಗ ತಂದು ತಾನೇ ಜೋಡಿಸಿದ. ನೆನಪಿನ ಪಟ್ಟಿಯ ಅಂಚಿನ ಬಂಗಾರದ ಹೊಳಪನ್ನು ಅಜ್ಜಿ ಬೆರಳಿಟ್ಟು ನೋಡಿದರು. ಹಟ್ಟಿ ಗಣಿಯ ಜಿಲ್ಲೆಯವರಲ್ಲವೇ! ಗುಂಡಿ ಒತ್ತಿದರೆ ಕತ್ತಲೆ. ಎರಡು ನಿಮಿಷ ಕಾದು ವೈರು ಕಿತ್ತ, ಮತ್ತೆ ಹಚ್ಚಿದ, ಮತ್ತೆ ಕಿತ್ತ. ಪ್ರತಿ ಸಲವೂ ಶ್ರುತಿ ಮೊದಲಿನಿಂದ ಶುರು. ಮೂರನೆಯ ಸಲಕ್ಕೆ ಅಪ್ಪ, “ದುಡ್ಡು ಹೊಳಿಗೆ ಹೋತು” ಎಂದು ಎದ್ದು ಹೊರಗೆ ಹೋದರು. ತಾಯಿ ಊಟಕ್ಕೆ ಕರೆದದ್ದೇ ಒಳ್ಳೆಯದಾಯಿತು. ಯಾರೂ ಮುಟ್ಟದೆ ಬಿಟ್ಟಾಗ ಪರದೆ ತಾನೇ ಬೆಳಗಿತು.

ಆಮೇಲೂ ದಿನಾ ಒಂದು ನಿಮಿಷ ಕತ್ತಲೆ ಉಳಿಯಿತು. ಇಲ್ಲಿ ತಿಳಿಯಬೇಕಾದ್ದು, ತಡ ಎಲ್ಲಿ ಆಗುತ್ತಿದೆ ಎಂಬುದು. ಕಂಪನಿಯ ಚಿಹ್ನೆ ಮೂಡುವ ಮೊದಲೇ ಆದರೆ ಅದು ಬೋರ್ಡು ಮತ್ತು ನೆನಪಿನ ಪಾಲು. ಚಿಹ್ನೆಯ ನಂತರ ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಡಿಸ್ಕು ಅಥವಾ ವಿಂಡೋಸ್. ಪರದೆ ಬಂದ ಮೇಲೆ ತಿಣುಕಿದರೆ, ನಾವೇ ಸೇರಿಸಿಕೊಂಡ ತಂತ್ರಾಂಶಗಳು ಒಟ್ಟಿಗೆ ಏಳುತ್ತಿವೆ ಎಂದರ್ಥ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬಲ್ಲಿ ‘ಲಾಸ್ಟ್ ಬಯಾಸ್ ಟೈಮ್’ ಎಂದು ಸೆಕೆಂಡುಗಳ ಲೆಕ್ಕವೇ ಇರುತ್ತದೆ. ಹುಡುಗನ ಯಂತ್ರ 58 ತೋರಿಸಿತು. ಅಂದಮೇಲೆ ವಿಂಡೋಸನ್ನು ಅಳಿಸಿ ಮತ್ತೆ ಹಾಕುವ ಗೋಜೇ ಬೇಡ. ಬೋರ್ಡು ತಯಾರಕರ ಹೊಸ ಬಯಾಸ್ ಹಾಕಿ, ಅದರೊಳಗೆ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬುದನ್ನು ಚಾಲೂ ಮಾಡಿದ. ನಿನ್ನೆಯ ಶ್ರುತಿಯನ್ನೇ ಇಂದೂ ಬಳಸು ಎಂಬ ಅಪ್ಪಣೆ ಅದು. ಕೆಲವು ಬೋರ್ಡುಗಳಲ್ಲಿ ಇದರಿಂದ ಯಂತ್ರ ನಡುವೆ ನಿಂತುಬಿಡುವುದುಂಟು. ಹಾಗಾದರೆ ಆ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬೇಕು. ಇವನದು ನಿಲ್ಲಲಿಲ್ಲ. 58 ಇದ್ದದ್ದು 17 ಆಯಿತು.