ಮಲೆನಾಡಿನಲ್ಲಿ ದೂರವೈದ್ಯಕೀಯ

ದೂರವೈದ್ಯಕೀಯ ಅಥವಾ ಟೆಲಿಮೆಡಿಸಿನ್ ಎಂಬುದು ದೂರವಾಣಿ, ವೀಡಿಯೊ ಕರೆ ಇಲ್ಲವೇ ವಾಟ್ಸಾಪ್‌ನಂತಹ ಆ್ಯಪ್‌ಗಳ ಮೂಲಕ ವೈದ್ಯಕೀಯ ಸಲಹೆ ನೀಡುವ ಪದ್ಧತಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಭಾಗದ ಕಾಫಿ ಸೀಮೆಯಲ್ಲಿ ತಜ್ಞ ವೈದ್ಯರಿಗಾಗಿ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕಾಗುವುದರಿಂದ ಇದಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

2002ರಲ್ಲಿ ಇಸ್ರೊ ನೆರವಿನಿಂದ ಚಾಮರಾಜನಗರ ಜಿಲ್ಲಾಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಉಪಗ್ರಹ ಸಂಪರ್ಕ ಏರ್ಪಟ್ಟಿತು. ಮುಂದೆ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆಯ ಮೂಲಕ ಕರಾವಳಿ ಹಾಗೂ ಮಲೆನಾಡಿನ ವೈದ್ಯರನ್ನು ವಾಟ್ಸಾಪ್ ಗುಂಪುಗಳಲ್ಲಿ ಒಗ್ಗೂಡಿಸಿದರು. ಗ್ರಾಮೀಣ ವೈದ್ಯರು ಕಳುಹಿಸಿದ ಇಸಿಜಿ ಚಿತ್ರವನ್ನು ನೋಡಿ ತಜ್ಞರು ಮುಂದಿನ ಚಿಕಿತ್ಸೆ ಸೂಚಿಸುತ್ತಾರೆ. ಹೃದಯಾಘಾತದಲ್ಲಿ ವಿಳಂಬವಾದಷ್ಟೂ ಹೃದಯದ ಸ್ನಾಯು ನಶಿಸುವುದರಿಂದ ಹೀಗೆ ಉಳಿಯುವ ಸಮಯ ಜೀವರಕ್ಷಕವಾಗಬಲ್ಲದು.

ನಿಯಮಗಳು

ಕೇಂದ್ರ ಸರ್ಕಾರದ ಮಾರ್ಗಸೂಚಿ 2020ರ ಮಾರ್ಚ್ 25ರಂದು ಪ್ರಕಟವಾಯಿತು. ಅದರಂತೆ ರೋಗಿಯೇ ಸಂಪರ್ಕಿಸಿದರೆ ಸಮ್ಮತಿ ಇದೆಯೆಂದು ಭಾವಿಸಲಾಗುತ್ತದೆ. ದೂರಸಲಹೆ ಸಾಕೇ, ಮುಖತಃ ಪರೀಕ್ಷೆ ಬೇಕೇ ಎಂಬ ನಿರ್ಧಾರ ವೈದ್ಯರದು. ಮಾದಕ ಗುಣದ ಔಷಧಗಳನ್ನು ಈ ವಿಧಾನದಲ್ಲಿ ಬರೆದುಕೊಡುವಂತಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಉಚಿತ ‘ಇ-ಸಂಜೀವಿನಿ’ ಹೊರರೋಗಿ ಸೇವೆ ಆರಂಭವಾಯಿತು.

ರೋಗಿಗಳ ಮತ್ತು ವೈದ್ಯರ ಧೋರಣೆ

ಪ್ರಯಾಣದ ವೆಚ್ಚ ಮತ್ತು ದಿನಗೂಲಿಯ ನಷ್ಟ ತಪ್ಪುವುದು ರೋಗಿಗಳಿಗೆ ಅನುಕೂಲ. ಆದರೆ ನಾಡಿ ಹಿಡಿದು, ಹೊಟ್ಟೆ ಮುಟ್ಟಿ ನೋಡದ ಸಲಹೆಯನ್ನು ಪೂರ್ತಿ ನಂಬಲು ಹಿಂಜರಿಯುವವರಿದ್ದಾರೆ. ರೋಗನಿರ್ಣಯ ತಪ್ಪಿದರೆ ಬರುವ ಹೊಣೆ, ಹೊತ್ತುಗೊತ್ತಿಲ್ಲದ ಸಂದೇಶಗಳು ಹಾಗೂ ರೋಗಿಯ ಗೋಪ್ಯತೆ ವೈದ್ಯರ ಕಾಳಜಿಗಳು. ರೋಗಿಯ ಬಳಿ ಸ್ಥಳೀಯ ವೈದ್ಯರೊಬ್ಬರಿದ್ದು, ಅವರೇ ಪರೀಕ್ಷಿಸಿ ತಜ್ಞರನ್ನು ಸಂಪರ್ಕಿಸುವ ವ್ಯವಸ್ಥೆಯಲ್ಲಿ ಈ ಆತಂಕಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ.