ಹಲ್ಲು, ಹೃದಯದ ಕವಾಟ ಮತ್ತು ಪೆನಿಸಿಲಿನ್: ಒಂದು ನಿಯಮದ ಚರಿತ್ರೆ

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಇಳಕಲ್ಲು ಆಗ ಹುನಗುಂದ ತಾಲೂಕಿನ ಊರು. ಅದೇ ರಾಜ್ಯದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ ಅಮೆರಿಕದ ಹೃದ್ರೋಗ ಸಂಘವು, ಕವಾಟದೋಷವುಳ್ಳವರ ಹಲ್ಲು ಕೀಳುವ ಮೊದಲು ಪೆನಿಸಿಲಿನ್ ಕೊಡಬೇಕೆಂಬ ತನ್ನ ಮೊದಲ ಸೂಚನೆಯನ್ನು ಪ್ರಕಟಿಸಿತು. ಆ ನಿಯಮವು ಬೆಳೆದು ಕುಗ್ಗಿದ ಬಗೆಯನ್ನೂ, ಈ ಪ್ರದೇಶಕ್ಕೆ ಅದು ಅನ್ವಯಿಸುವ ರೀತಿಯನ್ನೂ ಇಲ್ಲಿ ವಿಚಾರಿಸುತ್ತೇವೆ.

ಕವಾಟದ ಸೋಂಕನ್ನು ಆಸ್ಲರ್ 1885ರ ಉಪನ್ಯಾಸಗಳಲ್ಲಿ ವಿಶದವಾಗಿ ವರ್ಣಿಸಿದ್ದನು. 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಎಂಬವರು ಹಲ್ಲು ಕಿತ್ತವರಲ್ಲಿ ಶೇ. 61ರಷ್ಟು ಮಂದಿಯ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ಜೀವಾಣುಗಳನ್ನು ಕಂಡರು. ವಸಡು ಕೆಟ್ಟವರಲ್ಲಿ ಶೇ. 11ರಷ್ಟು ಮಂದಿಯ ರಕ್ತದಲ್ಲಿ, ಹಲ್ಲು ಕೀಳುವ ಮೊದಲೇ ಅವು ಇದ್ದವು. ನಮ್ಮ ದೃಷ್ಟಿಯಲ್ಲಿ ಈ ಎರಡನೆಯ ಅಂಕಿಯೇ ಹೆಚ್ಚು ಮಹತ್ವದ್ದು: ಅಗಿಯುವಾಗ, ಹಲ್ಲುಜ್ಜುವಾಗ ದಿನವೂ ನಡೆಯುವುದನ್ನು ಒಂದು ದಿನದ ಔಷಧವು ತಡೆಯಲಾರದು.

1960ರ ಸೂಚನೆಯಲ್ಲಿ ಚಿಕಿತ್ಸೆಗೆ ಹಿಂದುಮುಂದಿನ ದಿನಗಳಲ್ಲಿಯೂ ಪೆನಿಸಿಲಿನ್ ವಿಧಿಸಲ್ಪಟ್ಟಿತ್ತು. 1997ರ ಹೊತ್ತಿಗೆ ಅದು 2 ಗ್ರಾಂ ಅಮಾಕ್ಸಿಸಿಲಿನ್‌ನ ಒಂದೇ ಸಲದ ಸೇವನೆಗೆ ಇಳಿಯಿತು. 2007ರಲ್ಲಿ ರೋಗಿಗಳ ಪಟ್ಟಿಯೂ ಕಿರಿದಾಯಿತು: ಕೃತಕ ಕವಾಟವುಳ್ಳವರು, ಹಿಂದೊಮ್ಮೆ ಈ ಸೋಂಕು ತಗಲಿದವರು, ಕೆಲವು ಬಗೆಯ ಹುಟ್ಟು ಹೃದ್ರೋಗಿಗಳು, ಮತ್ತು ಹೃದಯ ಕಸಿಯ ನಂತರ ಕವಾಟ ಕೆಟ್ಟವರು. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಔಷಧವೇ ಬೇಡವೆಂದಿತು. 2016ರಲ್ಲಿ 'ವಾಡಿಕೆಯಾಗಿ' ಬೇಡವೆಂದು ತಿದ್ದಿತು. ಒಂದು ಶಬ್ದದ ತಿದ್ದುಪಡಿ, ಆದರೆ ಸಣ್ಣದಲ್ಲ.

ಕೀಲುವಾತದ ಜ್ವರದಿಂದ ಕವಾಟ ಕೆಟ್ಟವರು ಭಾರತದಲ್ಲಿ ಬಹುಸಂಖ್ಯಾತರು. ಕೃತಕ ಕವಾಟವಿಲ್ಲದ ಇಂತಹವರು ಅಮೆರಿಕದ ಪಟ್ಟಿಯಲ್ಲಿಲ್ಲ. ಆಸ್ಟ್ರೇಲಿಯದ ನಿಯಮವು ಈ ಜ್ವರ ಹೆಚ್ಚಿರುವ ಜನಸಮುದಾಯಗಳಲ್ಲಿ ಅಂಥವರನ್ನೂ ಸೇರಿಸಿಕೊಳ್ಳುತ್ತದೆ. ಬಾದಾಮಿಯ ಅಥವಾ ಇಳಕಲ್ಲಿನ ರೋಗಿಯ ವಿಷಯದಲ್ಲಿ ಎರಡನೆಯದನ್ನು ಗಮನಿಸದೆ ಮೊದಲನೆಯದನ್ನು ಮಾತ್ರ ಪಾಠ ಹೇಳುವುದು ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಗೊಂದಲವು ಇದಕ್ಕಿಂತ ಗಂಭೀರವಾದುದು. ಮೂರು-ನಾಲ್ಕು ವಾರಕ್ಕೊಮ್ಮೆ ಚುಚ್ಚುವ ಬೆಂಜಥೀನ್ ಪೆನಿಸಿಲಿನ್ ಕೀಲುವಾತದ ಜ್ವರವು ಮರುಕಳಿಸದಂತೆ ತಡೆಯುತ್ತದೆಯೇ ಹೊರತು ಹಲ್ಲು ಕೀಳುವಾಗ ಕವಾಟವನ್ನು ಕಾಯುವುದಿಲ್ಲ. ಅದನ್ನು ಪಡೆಯುತ್ತಿರುವವರ ಬಾಯಿಯ ಜೀವಾಣುಗಳು ಪೆನಿಸಿಲಿನ್‌ಗೆ ಬಗ್ಗದಿರಬಹುದಾದುದರಿಂದ, ಆ ದಿನಕ್ಕೆ ಅಜಿತ್ರೊಮೈಸಿನ್‌ನಂತಹ ಬೇರೆ ವರ್ಗದ ಔಷಧ ಬೇಕು. ಹಿಂದೆ ಬಳಕೆಯಲ್ಲಿದ್ದ ಕ್ಲಿಂಡಾಮೈಸಿನ್ನನ್ನು ಅಮೆರಿಕದ ಸಂಘವು 2021ರಲ್ಲಿ ಕೈಬಿಟ್ಟಿದೆ. ಬಾಗಲಕೋಟೆಯಲ್ಲಿ ಇಂದು ವೈದ್ಯಕೀಯ, ದಂತವೈದ್ಯಕೀಯ ಮಹಾವಿದ್ಯಾಲಯಗಳೆರಡೂ ಇವೆ. ಆದರೂ ಹುನಗುಂದದಿಂದ ಹಲ್ಲುನೋವೆಂದು ಬಂದ ರೋಗಿಯು ತನ್ನ ಚುಚ್ಚುಮದ್ದಿನ ಚೀಟಿಯನ್ನು ದಂತವೈದ್ಯರಿಗೆ ತೋರಿಸಿದ ಹೊರತು ಅವರಿಗೆ ಈ ಸಂಗತಿ ತಿಳಿಯುವಂತಿಲ್ಲ.